ಹದಿಮೂರನೆಯ ಕೆರೆ

೨೦೧೯ರ ಜೂನ್ ೧೧, ಮಂಗಳವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ.

ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಾರಿಜಾ, ತನಗೆ ಆ ಕೆಲಸ ಕಲಿಸಿದ ನೇಮಿರಾಜಯ್ಯನವರನ್ನು ಕೇಳಿದಳು: "ಮೇಷ್ಟ್ರೇ, ಯಂತ್ರಗಳು ತಮ್ಮ ತೊಂದರೆಯನ್ನು ಲಾಗ್ ಫೈಲುಗಳಲ್ಲಿ ಬರೆದಿಡುತ್ತವೆ. ಅವುಗಳ ಮೇಲೆ ನಿಗಾ ಇಡಲು ಹನ್ನೆರಡು ಫೋಲ್ಡರುಗಳ ಹೆಸರು ಕೊಟ್ಟಿದ್ದೇನೆ. ಒಳಗಿನ ಫೋಲ್ಡರುಗಳು, ಅವುಗಳ ಒಳಗಿನವು, ಅಷ್ಟನ್ನೂ ಸೇರಿಸಲೇಬೇಕೆ?"

ಮೇಷ್ಟ್ರು ಹೇಳಿದರು:

ಒಬ್ಬ ಅರಸನ ಸೀಮೆಯಲ್ಲಿ ಕೆರೆಯ ಕೆಳಗೆ ಕೆರೆ ಇತ್ತು. ಮೇಲಿನದು ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. ಪ್ರತಿ ಕೆರೆಗೂ ಒಬ್ಬ ನೀರಗಂಟಿ. ನೀರು ಎಷ್ಟಿದೆ, ಏರಿ ಹೇಗಿದೆ ಎಂದು ದಿನವೂ ಓಲೆಯಲ್ಲಿ ಬರೆದು, ಬಿದಿರಿನ ಕೊಳವೆಯಲ್ಲಿಟ್ಟು ತೂಬಿನ ಕಂಬಕ್ಕೆ ಕಟ್ಟುವುದು ಅವನ ಕೆಲಸ. ಒಯ್ಯುವುದು ಕೆರೆಗಳನ್ನು ನೋಡಿಕೊಳ್ಳುವ ಅಧಿಕಾರಿಯ ಆಳಿನ ಕೆಲಸ. ಕರೆಯದೆ ಚಾವಡಿಗೆ ಹೋಗುವುದು ನೀರಗಂಟಿಗೆ ಸಲ್ಲದು.

ಅಧಿಕಾರಿ ಶ್ರದ್ಧಾವಂತ. ಹನ್ನೆರಡು ಕೆರೆಗಳ ಪಟ್ಟಿ ಮಾಡಿಸಿದ. ಹನ್ನೆರಡು ಓಲೆಗಳನ್ನೂ ಒಂದು ದಿನ ಬಿಡದೆ ಓದಿದ. ಆಮೇಲೆ ಕೊನೆಯ ಕೆರೆಯ ಕೆಳಗೆ ಜನ ಇನ್ನೊಂದು ಕೆರೆ ಕಟ್ಟಿಕೊಂಡರು. ಅದರ ಕೆಳಗೆ ಒಂದು ಕೇರಿಯೂ ಎದ್ದಿತು. ಅಲ್ಲಿನ ನೀರಗಂಟಿ ವಾಡಿಕೆಯಂತೆ ಓಲೆ ಕಟ್ಟಿದ. ಒಯ್ಯಲು ಯಾರೂ ಬರಲಿಲ್ಲ.

ಒಂದು ಮಳೆಗಾಲ ಆ ಏರಿ ಒಡೆಯಿತು. ಅಧಿಕಾರಿ ಹೋಗಿ ನೋಡಿದ. ತೂಬಿನ ಕಂಬ ಮಾತ್ರ ನಿಂತಿತ್ತು. ಕೊಳವೆ ತುಂಬ ಓಲೆಗಳು. ಕೊನೆಯ ಹತ್ತೊಂಬತ್ತರಲ್ಲೂ ಒಂದೇ ಮಾತು: "ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ."

ಅವನು ಪಟ್ಟಿಯನ್ನು ಹರಿದುಹಾಕಿದ. ಮೊದಲ ಕೆರೆಯ ನೀರಗಂಟಿಯನ್ನು ಕರೆದು ಇಷ್ಟೇ ಹೇಳಿದ: "ನಿನ್ನ ಕೆಳಗಿನ ಕೆರೆಯ ಓಲೆಯನ್ನು ನಿನ್ನದರ ಜೊತೆ ತಾ. ಅಲ್ಲಿನವನಿಗೂ ಇದನ್ನೇ ಹೇಳು."

ಎಷ್ಟೋ ವರ್ಷಗಳ ಮೇಲೆ ಅಧಿಕಾರಿ ಕಾಡಂಚಿನ ಒಂದು ಕಟ್ಟೆಗೆ ಬಂದ. ಹಿಂದಿನ ವಾರ ಕಟ್ಟಿದ್ದು. ಅವನು ಅದರ ವಿಷಯ ಕೇಳಿಯೂ ಇರಲಿಲ್ಲ. ಅದನ್ನು ಕಾಯುವ ಮುದುಕಿಯೊಬ್ಬಳು ಓಲೆ ಹಿಡಿದು ಹೊರಟಿದ್ದಳು.

"ಎಲ್ಲಿಗಮ್ಮ?"

"ಮೇಲಿನ ಕೆರೆಯವನಿಗೆ ಕೊಡೋಕೆ. ಅವನೇ ಬರಬೇಕು, ಸೋಮಾರಿ. ನನ್ನ ಕೆಳಗೆ ಯಾರಾದ್ರೂ ಕಟ್ಟೆ ಕಟ್ಟಿದ್ರೆ ಅವರದನ್ನ ನಾನು ತರಬೇಕಂತೆ. ಯಾಕಪ್ಪ, ನೀನೇನಾದ್ರೂ ಕಟ್ಟೋನಾ?"

ಅಧಿಕಾರಿ ಕೈಮುಗಿದ. ಒಬ್ಬನಿಗೆ ಆಡಿದ ಮಾತು, ಆಡಿದವನಿಗೂ ತಿಳಿಯದ ನೀರಿನವರೆಗೆ ತಾನಾಗಿ ನಡೆದು ಬಂದಿತ್ತು.

ವಾರಿಜಾ ಬೆರಗಾಗಿ ಕುಳಿತಳು. ಕೇಳಿದಳು: "ಏರಿ ಒಡೆದಾಗ ಆ ಕೇರಿಯಲ್ಲಿ ಎಷ್ಟು ಜನ ಹೋದರು, ಮೇಷ್ಟ್ರೇ?"

"ತಿಳಿಯದು, ಆ ಕೇರಿಯೂ ಯಾವ ಪಟ್ಟಿಯಲ್ಲೂ ಇರಲಿಲ್ಲ."