ಬಾಣಂತಿ ಕೋಣೆಯ ಹೀಟ್ ಪಂಪ್

ಹೊಳೆಯ ನೀರಿನ ಚಕ್ರದಿಂದ ಕರೆಂಟು ಬರುತ್ತಿದ್ದ ಒಂದು ಕಾಡಿನಲ್ಲಿ ಚೌಡವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಆ ಚಳಿಗಾಲ ಮಗಳು ನಿಂಗಿ ಹೆರಿಗೆಗೆಂದು ತವರಿಗೆ ಬಂದಳು. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು. ಒಲೆ ಊದಿ ಊದಿ ಕಣ್ಣು ಕೆಂಪಾಗುವುದು ಚೌಡವ್ವನಿಗೆ ಸಾಕಾಗಿತ್ತು.

ನೀರು ಕಾಯಿಸುವ ಯಂತ್ರ ಮಾರುತ್ತಿದ್ದ ರಾಚಪ್ಪ ನರಿಯನ್ನು ಅವಳು ಕರೆಸಿದಳು. ಹೀಟ್ ಪಂಪ್ ಎಂಬ ಹೊಸದು ಬಂದಿದೆ, ಹಳೆಯ ಗೀಸರಿಗೆ ಬೇಕಾದ ಕರೆಂಟಿನಲ್ಲಿ ಮೂರನೇ ಒಂದು ಪಾಲು ಸಾಕು ಎಂದ. ಅದೇನೋ ನಿಜವೇ. ಬಿಲದಲ್ಲಿ ಐದು ಜನ ಇದ್ದೇವೆ, ಬಾಣಂತಿ ಬೇರೆ, ಎಷ್ಟು ದೊಡ್ಡ ಟ್ಯಾಂಕು ಬೇಕು ಎಂದು ಚೌಡವ್ವ ವಿಚಾರಿಸಿದಳು. ಶಾಖ ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ. ರಾಚಪ್ಪನ ಹತ್ತಿರ ಉಳಿದಿದ್ದದ್ದು ಇಬ್ಬರಿಗೆ ಸಾಲುವ ಒಂದು ಪುಟ್ಟ ಟ್ಯಾಂಕು.

"ನಿಮ್ಮ ಮನೆಗೆ ಅಂತಲೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ" ಎಂದ ಆ ಮಹಾರಾಯ. ಉದ್ದದ ಪೈಪು ಎಳೆಯುವ ಕೆಲಸ ತಪ್ಪಲೆಂದು ಅದನ್ನು ಬಾಣಂತಿ ಕೋಣೆಯಲ್ಲೇ ಕೂರಿಸಿದ.

ಮುಳ್ಳುಹಂದಿಗಳಲ್ಲಿ ಒಂದು ಪದ್ಧತಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಹೆರಿಗೆಯಾದ ದಿನವೇ ಆ ಕೋಣೆಯ ಕಿಂಡಿಗಳಿಗೆಲ್ಲ ಹಸಿಮಣ್ಣು ಮೆತ್ತುತ್ತಾರೆ. ಬಾಗಿಲಿಗೆ ಸೊಪ್ಪಿನ ತಡಿಕೆ ಬಿಗಿಯುತ್ತಾರೆ. ಇದು ರಾಚಪ್ಪನಿಗೆ ಗೊತ್ತಿತ್ತು. ಹೀಟ್ ಪಂಪು ಸುತ್ತಲಿನ ಗಾಳಿಯಿಂದಲೇ ಶಾಖ ಹೀರಿ ನೀರಿಗೆ ಕೊಡುತ್ತದೆ, ತಣ್ಣನೆಯ ಗಾಳಿಯನ್ನು ಅಲ್ಲೇ ಬಿಡುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಹೇಳದೆ ನಗುನಗುತ್ತಾ ಹೊರಟುಹೋದ. ಇಂಥವನಿಗೆ ಏನನ್ನಬೇಕು, ನೀವೇ ಹೇಳಿ.

ನಿಂಗಿ ಒಂದು ಮರಿ ಹೆತ್ತಳು. ಕಿಂಡಿ ಮುಚ್ಚಿದರು. ಮೊದಲ ದಿನ ಎರಡು ಬಿಂದಿಗೆ ಬಿಸಿನೀರು ಬಂತು. ಮಾರನೆಯ ದಿನ ಬರೀ ಉಗುರುಬೆಚ್ಚಗಿನದು. ಯಂತ್ರ ಮಾತ್ರ ಗುರ್ ಎನ್ನುತ್ತಾ ಕೋಣೆಯ ಬಿಸಿಯನ್ನೆಲ್ಲ ಹೀರುತ್ತಲೇ ಇತ್ತು. ಮೂರನೆಯ ಬೆಳಗ್ಗೆ ಮರಿ ಹಾಲು ಕುಡಿಯಲಿಲ್ಲ. ಮುಟ್ಟಿದರೆ ಕಾಲು ತಣ್ಣಗಿತ್ತು.

ಚೌಡವ್ವ ತಡಿಕೆ ಬಿಚ್ಚಿ ನಿಂಗಿಯನ್ನೂ ಹೊರಗೆ ಬರಹೇಳಿದಳು. ಮರಿಯನ್ನು ಎದೆಗವಚಿಕೊಂಡು ಬಿಸಿಲಿಗೆ ಓಡಿದಳು. ಬಹಳ ಹೊತ್ತಾದ ಮೇಲೆ ಮರಿ ಕುಂಯ್ ಎಂದಿತು. ಅಲ್ಲಿಯವರೆಗಿದ್ದ ಹೆದರಿಕೆಯೆಲ್ಲ ಆಗ ಸಿಟ್ಟಾಗಿ ತಿರುಗಿತು. ರಾಚಪ್ಪನನ್ನು ಹಿಡಿದು ತರಲು ಅವಳು ಅಕ್ಕಪಕ್ಕದವರನ್ನು ಅಟ್ಟಿದಳು.

ರಾಚಪ್ಪ ಬಂದ. ಯಂತ್ರದಲ್ಲಿ ಏನೂ ದೋಷವಿಲ್ಲ, ನೀವೇ ನೀರನ್ನು ದಂಡಿಯಾಗಿ ಸುರಿಯುತ್ತೀರಿ, ಕೋಣೆ ಬೆಚ್ಚಗೇ ಇದೆ ಎಂದು ಎಲ್ಲರೆದುರು ವಾದಿಸಿದ.

"ಬೆಚ್ಚಗಿದೆಯಾ? ಹಾಗಾದ್ರೆ ಒಳಗೆ ಹೋಗು" ಎಂದಳು ಚೌಡವ್ವ. "ಒಂದು ಹಂಡೆ ಬಿಸಿನೀರು ಬರೋವರೆಗೂ ಅಲ್ಲೇ ಕೂತ್ಕೋ."

ಮೈಮೇಲಿನ ಮುಳ್ಳೆಲ್ಲ ನಿಮಿರಿಸಿ ಅವಳು ಹತ್ತಿರ ಬಂದಳು. ರಾಚಪ್ಪ ಹಿಂದೆ ಹಿಂದೆ ಸರಿದು ಕೋಣೆ ಸೇರಿದ. ಚೌಡವ್ವ ತಡಿಕೆ ಬಿಗಿದು ಅದಕ್ಕೆ ಬೆನ್ನು ಕೊಟ್ಟು ಕೂತಳು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಹಲ್ಲು ಕಟಕಟಿಸುವ ಸದ್ದು ಹೊರಗಿನವರಿಗೂ ಕೇಳಿಸಿತು.

"ಚೌಡವ್ವ, ತಡಿಕೆ ತೆಗೀರವ್ವ. ಗಾಳಿಯಾಡದ ಕಡೆ ಇದನ್ನ ಇಡಬಾರದು. ನಂಗೆ ಮೊದಲೇ ಗೊತ್ತಿತ್ತು."

ಅವನಿಂದ ಯಂತ್ರ ಕೊಳ್ಳಬೇಕೆಂದಿದ್ದ ಮೊಲ, ಪುನುಗು ಬೆಕ್ಕುಗಳೆಲ್ಲ ಅದನ್ನು ಕಿವಿಯಾರೆ ಕೇಳಿ ಛೀ ಎಂದು ಎದ್ದು ಹೋದವು. ಆಮೇಲೆ ಯಾರೂ ಅವನಿಂದ ಏನೂ ಕೊಳ್ಳಲಿಲ್ಲ.

ಚೌಡವ್ವ ತಡಿಕೆಯನ್ನೇನೋ ತೆಗೆದಳು, ಅವನನ್ನು ಸುಮ್ಮನೆ ಬಿಡಲಿಲ್ಲ. ಗುಡ್ಡದಾಚೆಯಿಂದ ದೊಡ್ಡ ಟ್ಯಾಂಕಿನ ಯಂತ್ರ ಹೊತ್ತು ತಂದು, ಬಿಲದ ಹೊರಗೆ ಗಾಳಿ ಬೀಸುವ ಬಂಡೆಯ ಕೆಳಗಿಟ್ಟು, ಪೈಪು ಎಳೆದುಕೊಡುವುದು ರಾಚಪ್ಪನ ಪಾಲಿಗೆ ಬಂತು. ಅದಾಗುವವರೆಗೂ ಎರಡೂ ಹೊತ್ತು ಒಲೆ ಊದಿ ಬಾಣಂತಿಗೆ ನೀರು ಕಾಯಿಸಿದವನೂ ಅವನೇ. ಒಂದು ದಿನ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, ತಪ್ಪು ಒಪ್ಪಿಕೊಂಡೆನಲ್ಲ, ಇನ್ನೂ ಸಿಟ್ಟು ಇಳಿದಿಲ್ಲವೇ ಎಂದು ಕೇಳಿದ.

"ಆ ಮರಿ ಕಾಲು ಮುಟ್ಟಿದ್ದು ನಾನು, ನೀನಲ್ಲ" ಎಂದಳು ಚೌಡವ್ವ. "ಊದು."

ನೀತಿ: ಗೊತ್ತಿದ್ದೂ ಹೇಳದೆ ಮಾರುವುದು ಸುಳ್ಳು ಹೇಳಿ ಮಾರಿದಷ್ಟೇ ದೊಡ್ಡ ಮೋಸ, ಕೊಳ್ಳುವವರೂ ವಸ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿದೇ ಮನೆಯೊಳಗೆ ತರಬೇಕು.