ಸಾಹೇಬರ ಸರದಿ

ಪುಸ್ತಕ ಕಂಡರೆ ಮಾರುದೂರ ಓಡುತ್ತಿದ್ದ ಊರ ಮಕ್ಕಳು ಈಗ ಪಂಚಾಯ್ತಿ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಸಾಲು ನಿಲ್ಲುತ್ತಿದ್ದರು. ಎಲ್ಲ ಗ್ರಂಥಪಾಲಕಿ ಪುಟ್ಟನಂಜಮ್ಮ ತರಿಸಿಟ್ಟ ಸೋಜಿಗದ ಸಂಗತಿಗಳ ಪುಸ್ತಕಗಳ ಮಹಿಮೆ.

ತಪಾಸಣೆಗೆ ಬಂದ ಸಾಹೇಬರು ಮಾತ್ರ ಮೂಗು ಮುರಿದರು. "ಏನಮ್ಮಾ ಈ ಕಾಡುಹರಟೆ? ಎಲ್ಲಾ ರದ್ದಿಗೆ ಹಾಕಿ. ಮಕ್ಕಳು ಗಂಭೀರವಾದ್ದನ್ನ ಓದ್ಲಿ!"

ಪುಟ್ಟನಂಜಮ್ಮ ಕೈಮುಗಿದಳು. "ಆಗ್ಲಿ ಸಾರ್. ಯಾವ್ಯಾವ ಪುಟ ಹರಟೆ ಅಂತ ತಾವೇ ಓದಿ ಗುರುತು ಹಾಕ್ಬಿಡಿ. ನನಗೆ ಅಷ್ಟೆಲ್ಲ ತಿಳಿಯಲ್ಲ." ದಪ್ಪನೆಯ ಪುಸ್ತಕವೊಂದನ್ನು ಮುಂದಿಟ್ಟು ಕಾಫಿ ತರಲು ಹೋದಳು.

ಅವಳು ಬರುವಷ್ಟರಲ್ಲಿ ಸಾಹೇಬರು ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ಮುರಿದ ಮೂಗು ಪುಸ್ತಕದೊಳಗೆ ಹೂತುಹೋಗಿತ್ತು. ಕಾಫಿ ಆರಿತು. ಹೊರಗೆ ಜೀಪಿನ ಹಾರನ್ ಮೂರು ಸಲ ಕೂಗಿತು.

"ಏ ಡ್ರೈವರ್, ಬಾರಯ್ಯ ಇಲ್ಲಿ! ಆಕ್ಟೋಪಸ್ಸಿಗೆ ಮೂರು ಹೃದಯ ಇದೆಯಂತೆ, ಗೊತ್ತೇನಯ್ಯಾ ನಿನಗೆ?"

ಕೊನೆಗೆ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದರು. "ಇದನ್ನ ಮನೇಲಿ ಕೂತು ಸರಿಯಾಗಿ ಪರಿಶೀಲಿಸ್ಬೇಕು."

"ಧಾರಾಳವಾಗಿ ಸಾರ್." ಪುಟ್ಟನಂಜಮ್ಮ ಪುಸ್ತಕವನ್ನು ಮೆಲ್ಲಗೆ ಈಚೆಗೆ ತೆಗೆದುಕೊಂಡು, ಸರದಿ ಬರೆದಿಟ್ಟ ನೋಟ್‌ಬುಕ್ ತೆರೆದಳು. "ನಿಮ್ಮದು ಹದಿನೇಳನೇದು. ನಿಮಗಿಂತ ಮುಂದಿರೋಳು ಎರಡನೇ ಕ್ಲಾಸಿನ ಗೌರಿ. ಬೇಗ ಓದಿ ಮುಗಿಸ್ತಾಳೆ, ಯೋಚ್ನೆ ಮಾಡ್ಬೇಡಿ."