ಚೀಟಿಯಲ್ಲಿ ಬರೆದ ಬೆಲೆ

“ಗುರುಗಳೇ, ರಾಜಿಯಾಗಬೇಕೆಂಬ ಮನಸ್ಸಿದ್ದರೂ ರಾಜಿಯಾಗುವುದಿಲ್ಲವಲ್ಲ, ಅದು ಯಾರ ತಪ್ಪು?” ಎಂದು ದೊರೆಸ್ವಾಮಿ ಕೇಳಿದ.

ಗುರುಗಳು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಾರ ಜೊತೆ ರಾಜಿ ಎಂದು ವಿಚಾರಿಸಿದರು. ಅಕ್ಕನ ಜೊತೆ ಎಂದ ಶಿಷ್ಯ. ಅವನ ತಾಯಿ ಕೊನೆಯ ದಿನಗಳಲ್ಲಿ ಅಕ್ಕನ ಮನೆಯಲ್ಲಿದ್ದರು. ಕಾಯಿಲೆ ಬಿಗಡಾಯಿಸಿದ್ದನ್ನು ಅಕ್ಕ ಅವನಿಗೆ ತಿಳಿಸಲು ತಡಮಾಡಿದಳು. ಅವನು ಹೋಗುವಷ್ಟರಲ್ಲಿ ತಾಯಿಗೆ ಮಾತು ನಿಂತಿತ್ತು. ಇದಾಗಿ ನಾಲ್ಕು ವರ್ಷ. ಅಂದಿನಿಂದ ಅಕ್ಕ ಹಬ್ಬ ತಪ್ಪಿಸದೆ ಬರುತ್ತಾಳೆ, ಕಜ್ಜಾಯ ತರುತ್ತಾಳೆ, ಅವನ ಮಗಳಿಗೆ ಜಡೆ ಹಾಕುತ್ತಾಳೆ. ಅವನು ಅಕ್ಕನನ್ನು ಕೂರಿಸುತ್ತಾನೆ, ಊಟಕ್ಕೆ ಬಡಿಸಲು ಹೇಳುತ್ತಾನೆ. ಜೊತೆಗೆ ಕೂತು ಉಣ್ಣುವುದು ಮಾತ್ರ ಅವನಿಂದಾಗುವುದಿಲ್ಲ.

ಅವಳು ಇನ್ನೇನು ಮಾಡಬೇಕು ಎಂದು ಗುರುಗಳು ಕೇಳಿದರು.

“ತಪ್ಪಾಯಿತು ಅಂತ ಒಂದು ಮಾತು ಹೇಳಬೇಕು, ಗುರುಗಳೇ. ಅದನ್ನು ನಾನಾಗಿ ಹೇಳಿಕೊಟ್ಟು ಹೇಳಿಸಿದರೆ ಏನು ಬಂತು? ಅವಳಿಗೇ ತಿಳಿಯಬೇಕು.”

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಒಂದು ಕತೆ ಹೇಳಿದರು.

ನಾನು ಈ ಬಟ್ಟೆ ಉಡುವ ಮೊದಲು ಒಂದು ಪೇಟೆಯಲ್ಲಿದ್ದೆ. ಅಲ್ಲಿ ಹಳೆಯ ಸಾಮಾನುಗಳ ಹರಾಜು ನಡೆಯುವ ಒಂದು ಹಾಲ್ ಇತ್ತು. ಯಾವ ದೊರೆಯದೋ ಕೈಗೋಲು, ಯಾರ ಮನೆಯದೋ ಗೋಡೆ ಗಡಿಯಾರ, ಕೆಟ್ಟುಹೋದ ಪಿಯಾನೋ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಕೈ ಎತ್ತಲು ನನ್ನ ಹತ್ತಿರ ಕಾಸಿರಲಿಲ್ಲ. ಆದರೂ ತಪ್ಪದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಈಗಲೂ ಒಮ್ಮೊಮ್ಮೆ ಆ ಬೆಂಚು ನೆನಪಾಗುತ್ತದೆ. ಸನ್ಯಾಸಿಗೆ ನೆನಪಾಗಬಾರದು, ಆದರೆ ಆಗುತ್ತದೆ.

ಆ ಹರಾಜಿಗೆ ಒಂದು ಕಟ್ಟಳೆ ಇತ್ತು. ಸಾಮಾನು ತಂದವನು ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಒಂದು ಬೆಲೆಯನ್ನು ಚೀಟಿಯಲ್ಲಿ ಬರೆದು, ಮಡಿಸಿ, ಹರಾಜು ಕೂಗುವವನ ಕೈಗೆ ಕೊಡಬೇಕು. ಅದು ಮೀಸಲು ಬೆಲೆ. ಕೊಳ್ಳಲು ಬಂದವರಿಗೆ ಚೀಟಿ ಇದೆಯೆಂದು ಗೊತ್ತು, ಅದರಲ್ಲಿ ಏನಿದೆಯೆಂದು ಗೊತ್ತಿಲ್ಲ. ಸವಾಲು ಆ ಬೆಲೆ ಮುಟ್ಟದಿದ್ದರೆ ಕೂಗುವವನು ಸುತ್ತಿಗೆ ಬಡಿಯುವುದಿಲ್ಲ, ಮಾಲು ವಾಪಸ್ ಎನ್ನುತ್ತಾನೆ. ಹಾಗೆನ್ನುವ ಮುಂಚೆ ಒಂದೇ ಒಂದು ಸಲ ಸಾಮಾನಿನ ಯಜಮಾನನ ಮುಖ ನೋಡುತ್ತಾನೆ. ಯಜಮಾನ ತಲೆಯಾಡಿಸಿದರೆ ಸಾಕು, ಬಂದಷ್ಟಕ್ಕೆ ಕೊಟ್ಟುಬಿಡುತ್ತಾನೆ. ಸುತ್ತಿಗೆ ಮೂರು ಸಲ ಬಿದ್ದ ಮೇಲೆ ಮಾತ್ರ ಕೊಟ್ಟವನೂ ಹಿಂದೆಗೆಯುವಂತಿಲ್ಲ, ಕೊಂಡವನೂ ಹಿಂದೆಗೆಯುವಂತಿಲ್ಲ.

ಅಲ್ಲಿಗೆ ಒಬ್ಬ ವರ್ತಕ ಸಿನಿಮಾ ತೋರಿಸುವ ಹಳೆಯ ಯಂತ್ರ ತಂದ. ಹಿಂದೆ ಅವನು ಟೆಂಟ್ ಸಿನಿಮಾ ನಡೆಸುತ್ತಿದ್ದ. ದುಡ್ಡು ಅವನದು, ಯಂತ್ರದ ಕೆಲಸ ಒಬ್ಬ ಆಪರೇಟರನದು. ಇಬ್ಬರೂ ಹದಿನೈದು ವರ್ಷ ಊರೂರು ಸುತ್ತಿದರು. ಆಟ ಮುಗಿದ ಮೇಲೆ ಪರದೆಯ ಹಿಂದೆ ಒಂದೇ ಚಾಪೆ, ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು. ರೀಲು ಕಡಿದರೆ ಆಪರೇಟರ್ ಅಂಟಿಸುತ್ತಿದ್ದ, ವರ್ತಕ ಪರದೆಯ ಮುಂದೆ ಬಂದು ಜನರನ್ನು ನಗಿಸುತ್ತಿದ್ದ. ಅಷ್ಟು ಚೆನ್ನಾಗಿದ್ದರು. ಆಮೇಲೊಂದು ದಿನ ಆಪರೇಟರ್ ಪೇಟೆಯ ಥಿಯೇಟರಿಗೆ ಸೇರಿಕೊಂಡ. ಹೋಗುವ ವಿಷಯವನ್ನು ವರ್ತಕ ಬೇರೆಯವರ ಬಾಯಿಂದ ಕೇಳಬೇಕಾಯಿತು. ಅದು ಅವನಿಗೆ ಬಹಳ ನೋವು ಕೊಟ್ಟಿತು. ಟೆಂಟೂ ಹೆಚ್ಚು ದಿನ ನಡೆಯಲಿಲ್ಲ.

ಯಂತ್ರ ಹರಾಜಿಗೆ ಬಂದಿದೆಯೆಂದು ತಿಳಿದು ಆಪರೇಟರ್ ಬಂದ. ಮುದುಕನಾಗಿದ್ದ. ಸವಾಲು ಶುರುವಾಗುವ ಮುಂಚೆ ಯಂತ್ರದ ಹತ್ತಿರ ಹೋಗಿ, ಬಾಗಿಲು ತೆರೆದು, ಒಳಗಿನ ಮಸಿ ಮೂಸಿ ನೋಡಿದ. ಇದನ್ನು ವರ್ತಕ ಕಂಡ. ಅವನ ಕಣ್ಣು ತುಂಬಿತು. ಯಂತ್ರ ಇವನ ಮನೆಗೇ ಹೋಗಲಿ ಎಂದು ಅವನ ಮನಸ್ಸು ಆ ಗಳಿಗೆಯೇ ಹೇಳಿತು. ಆದರೆ ಚೀಟಿಯಲ್ಲಿ ಅವನು ಹನ್ನೆರಡು ಸಾವಿರ ಬರೆದಿದ್ದ. ಬೇಕಿದ್ದರೆ ಅಲ್ಲಿಯವರೆಗೆ ಬರಲಿ, ಹದಿನೈದು ವರ್ಷಕ್ಕೆ ಎಷ್ಟು ಬೆಲೆ ಕಟ್ಟುತ್ತಾನೋ ನೋಡೋಣ ಎಂದುಕೊಂಡ.

ಉಳಿದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಆಪರೇಟರ್ ಹನ್ನೊಂದೂವರೆ ಸಾವಿರದವರೆಗೆ ಬಂದು ನಿಂತ. ಕೂಗುವವನು ವರ್ತಕನ ಮುಖ ನೋಡಿದ. ಬಹಳ ಹೊತ್ತು ನೋಡಿದ. ವರ್ತಕ ತಲೆ ಎತ್ತಿ ಫ್ಯಾನು ನೋಡುತ್ತಾ ಕೂತ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಎದ್ದುಹೋಗಿ ಅವನ ತಲೆ ಹಿಡಿದು ಆಡಿಸಿಬಿಡೋಣ ಅನ್ನಿಸಿತು. ಕೂಗುವವನು ಮಾಲು ವಾಪಸ್ ಎಂದ.

ಯಂತ್ರ ವರ್ತಕನ ಮನೆಗೆ ಮರಳಿತು. ಅದಕ್ಕೆ ರೀಲು ಏರಿಸುವುದು ಕೂಡ ಅವನಿಗೆ ಬರುತ್ತಿರಲಿಲ್ಲ. ದಿನಾ ಒರೆಸುತ್ತಿದ್ದ. ಒರೆಸುವಾಗಲೆಲ್ಲ ಆಪರೇಟರ್ ನೆನಪಾಗುತ್ತಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಅವನ ಸಿಟ್ಟು ಪೂರ್ತಿ ಇಳಿದುಹೋಯಿತು. ಮುಂದಿನ ಹರಾಜಿಗೆ ಅವನು ಖಾಲಿ ಚೀಟಿ ಕೊಟ್ಟ. ಎಷ್ಟಕ್ಕಾದರೂ ಹೋಗಲಿ, ಅವನಿಗೆ ಹೋಗಲಿ ಎಂದುಕೊಂಡ. ಆಪರೇಟರನ ಮನೆ ಎರಡು ಬೀದಿ ಆಚೆ. ನಡೆದುಹೋಗಿ ಒಂದು ಮಾತು ಹೇಳಿದ್ದರೆ ಕಾಲೇನೂ ಸವೆಯುತ್ತಿರಲಿಲ್ಲ. ಆದರೆ ನಾನಾಗಿ ಹೋಗಿ ಕರೆಯುವುದೇ, ಅವನಿಗೇ ತಿಳಿಯುತ್ತದೆ ಎಂದು ಹೊಸ ಪಂಚೆ ಉಟ್ಟು ಹಾಲಿನಲ್ಲಿ ಕೂತ.

ಸವಾಲು ಶುರುವಾಯಿತು. ವರ್ತಕ ಬಾಗಿಲ ಕಡೆಗೇ ನೋಡುತ್ತಿದ್ದ. ಒಬ್ಬ ಹೋಟೆಲಿನವನು ಮೂರು ಸಾವಿರ ಎಂದ. ಅದಕ್ಕೆ ಮೇಲೆ ಯಾರೂ ಹೋಗಲಿಲ್ಲ. ಚೀಟಿ ಖಾಲಿ, ಹಾಗಾಗಿ ಕೂಗುವವನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಸುತ್ತಿಗೆ ಮೂರು ಸಲ ಬಿತ್ತು.

ಆಗ ವರ್ತಕ ಎದ್ದ. ಮೇಜಿನ ಹತ್ತಿರ ಓಡಿಹೋಗಿ ಮಾಲು ಬಿಡಿಸಿಕೊಡಿ ಎಂದು ಬೇಡಿಕೊಂಡ. ಹೋಟೆಲಿನವನಿಗೆ ಎರಡರಷ್ಟು ಕೊಡುತ್ತೇನೆ ಎಂದ. ಹೋಟೆಲಿನವನು ಅದನ್ನು ಬಾಗಿಲಲ್ಲಿ ಅಂದಕ್ಕೆ ಇಡುವುದೆಂದು ಗೊತ್ತುಮಾಡಿಕೊಂಡಿದ್ದ, ಒಪ್ಪಲಿಲ್ಲ.

ಕೂಗುವವನು ಮೆತ್ತಗೆ ಹೇಳಿದ: “ಮೂರನೇ ಏಟು ಬಿದ್ದ ಮೇಲೆ ಇದು ನಿಮ್ದೂ ಅಲ್ಲ, ನನ್ದೂ ಅಲ್ಲ, ಯಜಮಾನ್ರೇ. ಹೋದ ಸಲ ನಿಮ್ಮ ಮುಖ ಎಷ್ಟು ಹೊತ್ತು ನೋಡ್ದೆ.”

ವರ್ತಕ ನೆಟ್ಟಗೆ ಆಪರೇಟರನ ಮನೆಗೆ ನಡೆದ. ಇಷ್ಟು ದಿನ ಉದ್ದ ಅನ್ನಿಸಿದ್ದ ದಾರಿ ಈಗ ಎಷ್ಟು ಬೇಗ ಮುಗಿಯಿತೋ. ಆಪರೇಟರ್ ಜಗಲಿಯ ಮೇಲೆ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದ. ಇವನನ್ನು ಕಂಡು ಎದ್ದು ನಿಂತ. ಹರಾಜಿಗೆ ಏಕೆ ಬರಲಿಲ್ಲ ಎಂದು ವರ್ತಕ ಕೇಳಿದ.

“ಹೋದ ವರ್ಷ ನನ್ ಹತ್ರ ಇದ್ದ ದುಡ್ಡನ್ನೆಲ್ಲಾ ಸವಾಲಲ್ಲಿ ಹೇಳಿದ್ದೆ, ಯಜಮಾನ್ರೇ. ನಂಗೆ ಕೊಡೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ. ಅದಕ್ಕೇ ಈ ಸಲ ನಿಮಗೆ ತೊಂದ್ರೆ ಕೊಡ್ಲಿಲ್ಲ.”

ಗುರುಗಳು ಇಷ್ಟು ಹೇಳಿ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ದೊರೆಸ್ವಾಮಿಗೆ ವರ್ತಕನ ಮೇಲೆ ಮರುಕ ಬಂದಿತ್ತು. ಆಪರೇಟರನದೂ ತಪ್ಪಲ್ಲವೇ, ಇನ್ನೊಂದು ಸಲ ಬಂದು ನೋಡಬಹುದಿತ್ತಲ್ಲ ಎಂದು ವಾದಿಸಿದ.

“ಅವನು ಕೈ ಇಳಿಸಿದ, ದೊರೆಸ್ವಾಮಿ. ನಿನ್ನ ಅಕ್ಕ ಇನ್ನೂ ಇಳಿಸಿಲ್ಲ,” ಎಂದರು ಗುರುಗಳು.